ಅಂಗಡಿಯ ಲೆಕ್ಕ, ಮನೆಯ ಸಾಲ: ಬೆಂಗಳೂರಿನ ಸಣ್ಣ ವ್ಯಾಪಾರಿಯ ಎರಡು ಚಿಂತೆ

2025ರ ಜುಲೈನಲ್ಲಿ ಬೆಂಗಳೂರಿನ ಅನೇಕ ಕಾಂಡಿಮೆಂಟ್ಸ್, ಬೇಕರಿ ಮತ್ತು ದಿನಸಿ ಅಂಗಡಿಗಳ ಮುಂದೆ ಅಂಟಿಸಿದ್ದ ಕ್ಯೂಆರ್ ಕೋಡ್‌ಗಳು ಕಾಣೆಯಾದವು. ಅವುಗಳ ಜಾಗದಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಬಂದವು. ವಾಣಿಜ್ಯ ತೆರಿಗೆ ಇಲಾಖೆಯು 2021-22ರಿಂದ 2024-25ರವರೆಗಿನ ಯುಪಿಐ ಜಮೆಗಳನ್ನು ಪರಿಶೀಲಿಸಿ, ಜಿಎಸ್‌ಟಿ ನೋಂದಣಿಯಿಲ್ಲದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿತ್ತು. ವ್ಯಾಪಾರಿಗಳು ಬಂದ್‌ಗೆ ಸಿದ್ಧರಾದರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ವ್ಯಾಪಾರಿಗಳ ಸಭೆ ಕರೆದು, ಹಿಂದಿನ ಬಾಕಿಯನ್ನು ವಸೂಲಿ ಮಾಡುವುದಿಲ್ಲ, ಆದರೆ ಮುಂದೆ ನೋಂದಣಿ ಮಾಡಿಕೊಳ್ಳಬೇಕು ಎಂದರು. ಬಂದ್ ಕರೆ ಹಿಂದಕ್ಕೆ ಹೋಯಿತು.

ಗಲಾಟೆ ತಣ್ಣಗಾಯಿತು. ಆದರೆ ನೋಟಿಸಿನ ಭಯದಿಂದ ನಗದಿಗೆ ಮರಳಿದ ಅಂಗಡಿಗಳೆಲ್ಲ ಹಿಂದಿನ ದಾರಿಗೆ ಬರಲಿಲ್ಲ. ಇದನ್ನು ತೆರಿಗೆಯ ವಿಷಯವಾಗಿ ಮಾತ್ರ ನೋಡಿದರೆ ಸಾಲದು. ನಗರದಲ್ಲಿ ಸ್ವಂತ ಮನೆ ಮಾಡಿಕೊಳ್ಳಬೇಕೆಂದಿರುವ ಸಣ್ಣ ವ್ಯಾಪಾರಿ ಕುಟುಂಬಕ್ಕೆ ಇದು ನೇರವಾಗಿ ತಟ್ಟುವ ಸಂಗತಿ. ಅಂಗಡಿಯ ಲೆಕ್ಕ ಕಾಗದದ ಮೇಲೆ ಇಲ್ಲದಿದ್ದರೆ ಬ್ಯಾಂಕಿನಲ್ಲಿ ಮನೆ ಸಾಲದ ಅರ್ಜಿಗೂ ಬೆಲೆ ಇರುವುದಿಲ್ಲ.

ಚಿಕ್ಕಪೇಟೆ, ಮಾಮೂಲ್‌ಪೇಟೆ, ಅವೆನ್ಯೂ ರಸ್ತೆಯಿಂದ ಹಿಡಿದು ಹುಬ್ಬಳ್ಳಿ, ಬೆಳಗಾವಿಯ ಪೇಟೆಗಳವರೆಗೆ ಸಮಾಜದ ಅನೇಕ ಕುಟುಂಬಗಳು ಸಣ್ಣ ವ್ಯಾಪಾರವನ್ನೇ ನಂಬಿಕೊಂಡಿವೆ. ಹಳೆಯ ಪೇಟೆಗಳಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಎಂಬ ವ್ಯವಸ್ಥೆಯಿತ್ತು. ಈಗ ಮೇಲಿನ ಮನೆಗಳು ಗೋದಾಮುಗಳಾಗಿವೆ, ಕುಟುಂಬಗಳು ದೂರದ ಬಡಾವಣೆಗಳಿಗೆ ಹೋಗಿವೆ. ಸರ್ಕಾರದ ಯೋಜನೆಗಳು ಕೂಡ ಅಂಗಡಿಯನ್ನು ಒಂದು ಇಲಾಖೆಗೆ, ಮನೆಯನ್ನು ಇನ್ನೊಂದು ಇಲಾಖೆಗೆ ಹಂಚಿವೆ. ವ್ಯಾಪಾರಿಗೆ ಮಾತ್ರ ಎರಡೂ ಒಂದೇ ಗಲ್ಲಾಪೆಟ್ಟಿಗೆಯಿಂದ ನಡೆಯಬೇಕು.

ಒಂದು ಸರಳ ಲೆಕ್ಕ

ವರ್ಷಕ್ಕೆ 80 ಲಕ್ಷ ರೂಪಾಯಿ ವಹಿವಾಟು ಇರುವ ಒಂದು ಬಟ್ಟೆ ಅಂಗಡಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಸರಕು ಮಾರುವವರಿಗೆ 40 ಲಕ್ಷ, ಸೇವೆ ಒದಗಿಸುವವರಿಗೆ 20 ಲಕ್ಷ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. 1.5 ಕೋಟಿಯೊಳಗಿನ ವ್ಯಾಪಾರಿಗಳಿಗೆ ಕಾಂಪೋಸಿಷನ್ ಪದ್ಧತಿ ಇದೆ. ಇದರಲ್ಲಿ ವಹಿವಾಟಿನ ಶೇ 1ರಷ್ಟು, ಅಂದರೆ ಈ ಅಂಗಡಿಗೆ ವರ್ಷಕ್ಕೆ 80,000 ರೂಪಾಯಿ ತೆರಿಗೆ. ಇದನ್ನು ಗ್ರಾಹಕರಿಂದ ಬೇರೆಯಾಗಿ ವಸೂಲಿ ಮಾಡುವಂತಿಲ್ಲ, ಹೊರರಾಜ್ಯಕ್ಕೆ ಮಾರುವಂತಿಲ್ಲ, ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ಹಿಂಪಡೆಯುವಂತಿಲ್ಲ. ಲಾಭ ಕಡಿಮೆ ಇರುವ ಅಂಗಡಿಗೆ ಈ 80,000 ಹಗುರವಾದ ಮೊತ್ತವಲ್ಲ.

ಇನ್ನು ಆದಾಯ ತೆರಿಗೆ. 2 ಕೋಟಿಯೊಳಗಿನ ವ್ಯಾಪಾರಕ್ಕೆ ಅಂದಾಜು ಆದಾಯ ಪದ್ಧತಿ ಇದೆ. ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದ ಹಣಕ್ಕೆ ಕನಿಷ್ಠ ಶೇ 6, ನಗದಿಗೆ ಕನಿಷ್ಠ ಶೇ 8 ಲಾಭವೆಂದು ತೋರಿಸಬೇಕು. ನಿಜವಾದ ಲಾಭ ಹೆಚ್ಚಿದ್ದರೆ ಅದನ್ನೇ ತೋರಿಸಬೇಕು. 80 ಲಕ್ಷವೂ ಯುಪಿಐನಲ್ಲಿ ಬಂದರೆ ಆದಾಯ 4.8 ಲಕ್ಷ, ಎಲ್ಲವೂ ನಗದಾದರೆ 6.4 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಇಂತಹ ಆದಾಯಕ್ಕೆ ರಿಯಾಯಿತಿ ಇರುವುದರಿಂದ ಎರಡಕ್ಕೂ ತೆರಿಗೆ ಇಲ್ಲ. ಹೀಗಾಗಿ ರಿಟರ್ನ್ ಸಲ್ಲಿಸಲು ಹೆದರುವ ಕಾರಣ ಈ ಅಂಗಡಿಗೆ ಇಲ್ಲ.

ಈ 4.8 ಲಕ್ಷವೇ ಮನೆಯ ಬಾಗಿಲಲ್ಲಿ ಕೇಳುವ ಅಂಕಿ. 2024ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರಲ್ಲಿ 3 ಲಕ್ಷದವರೆಗಿನ, 6 ಲಕ್ಷದವರೆಗಿನ ಮತ್ತು 9 ಲಕ್ಷದವರೆಗಿನ ವಾರ್ಷಿಕ ಆದಾಯದ ಮೂರು ವರ್ಗಗಳಿವೆ. ಬೇರೆ ಆದಾಯವಿಲ್ಲದಿದ್ದರೆ ಈ ಕುಟುಂಬ ಎರಡನೆಯ ವರ್ಗಕ್ಕೆ ಸೇರುತ್ತದೆ. 35 ಲಕ್ಷದೊಳಗಿನ ಮನೆಗೆ 25 ಲಕ್ಷದೊಳಗಿನ ಸಾಲ ಪಡೆದರೆ, ಮೊದಲ 8 ಲಕ್ಷದ ಮೇಲೆ ಶೇ 4ರ ಬಡ್ಡಿ ಸಹಾಯಧನ ಸಿಗುತ್ತದೆ. ಗರಿಷ್ಠ 1.80 ಲಕ್ಷ ರೂಪಾಯಿ ಐದು ವಾರ್ಷಿಕ ಕಂತುಗಳಲ್ಲಿ ಸಾಲದ ಖಾತೆಗೆ ಬರುತ್ತದೆ. ಪತಿ, ಪತ್ನಿ ಮತ್ತು ಅವಿವಾಹಿತ ಮಕ್ಕಳ ಹೆಸರಿನಲ್ಲಿ ದೇಶದ ಯಾವ ಭಾಗದಲ್ಲೂ ಪಕ್ಕಾ ಮನೆ ಇರಬಾರದು. ಊರಿನಲ್ಲಿ ತಂದೆಯ ಹೆಸರಿನ ಮನೆ ಇದೆ ಎಂದು ವಿವಾಹಿತ ಮಗ ಅರ್ಜಿಯನ್ನೇ ಹಾಕದೆ ಕೂರಬೇಕಿಲ್ಲ.

ನೆರವು ಎಲ್ಲಿ ನಿಲ್ಲುತ್ತದೆ

25 ಲಕ್ಷ ಸಾಲಕ್ಕೆ ಶೇ 8.5 ಬಡ್ಡಿ, 20 ವರ್ಷದ ಅವಧಿ ಎಂದುಕೊಂಡರೆ ತಿಂಗಳ ಕಂತು ಸುಮಾರು 21,700 ರೂಪಾಯಿ. ಈ ಕುಟುಂಬದ ತಿಂಗಳ ಆದಾಯ 40,000. ಸಹಾಯಧನ ತಿಂಗಳಿಗೆ 3,000 ರೂಪಾಯಿಯ ಲೆಕ್ಕಕ್ಕೆ ಬರುತ್ತದೆ, ಅದೂ ಐದು ವರ್ಷ ಮಾತ್ರ. ಮಕ್ಕಳ ಓದು, ಅಂಗಡಿ ಬಾಡಿಗೆಯ ಏರಿಕೆ, ಹಬ್ಬದ ಹಂಗಾಮಿಗೆ ಮೊದಲು ಸರಕು ತುಂಬುವ ಖರ್ಚು ಎಲ್ಲವೂ ಉಳಿದ ಹಣದಲ್ಲಿ ನಡೆಯಬೇಕು.

ಬೆಲೆಯ ಮಿತಿಗಳೂ ಹಳೆಯವು. ನಿರ್ಮಾಣ ಹಂತದ ಫ್ಲ್ಯಾಟ್‌ಗೆ ಶೇ 1ರ ಜಿಎಸ್‌ಟಿ ಸಿಗಬೇಕಾದರೆ ಬೆಲೆ 45 ಲಕ್ಷದೊಳಗೆ ಮತ್ತು ಬೆಂಗಳೂರಿನಂತಹ ಮಹಾನಗರದಲ್ಲಿ ಕಾರ್ಪೆಟ್ ವಿಸ್ತೀರ್ಣ 60 ಚದರ ಮೀಟರ್‌ನೊಳಗೆ ಇರಬೇಕು. ಇದು 2019ರ ಏಪ್ರಿಲ್‌ನಲ್ಲಿ ನಿಗದಿಯಾದ ಗೆರೆ. ಅಂದಿನಿಂದ ಇಂದಿಗೆ ಬೆಂಗಳೂರಿನ ನಿವೇಶನದ ಬೆಲೆ ಎಲ್ಲಿಗೆ ಏರಿದೆ ಎಂಬುದು ಎಲ್ಲರಿಗೂ ಗೊತ್ತು. ರಾಜ್ಯ ಸರ್ಕಾರ 2021ರಲ್ಲಿ ಮೊದಲ ಬಾರಿ ನೋಂದಣಿಯಾಗುವ 45 ಲಕ್ಷದವರೆಗಿನ ಫ್ಲ್ಯಾಟ್‌ಗಳ ಮುದ್ರಾಂಕ ಶುಲ್ಕವನ್ನು ಶೇ 5ರಿಂದ 3ಕ್ಕೆ ಇಳಿಸಿದ್ದು ಒಳ್ಳೆಯ ಹೆಜ್ಜೆ. ಆದರೆ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ. 45 ಲಕ್ಷದ ಫ್ಲ್ಯಾಟ್‌ಗೆ 45,000 ರೂಪಾಯಿ ಹೆಚ್ಚುವರಿ ಹೊರೆ. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈ ಅರ್ಧ ಹಿಂದಕ್ಕೆ ಪಡೆದಂತಾಗಿದೆ.

35 ಅಥವಾ 45 ಲಕ್ಷಕ್ಕೆ ಮನೆ ಸಿಕ್ಕರೂ ಅದು ಊರ ಹೊರಗೆ. ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆರೆದು ರಾತ್ರಿ ಒಂಬತ್ತಕ್ಕೆ ಮುಚ್ಚುವ ಅಂಗಡಿಯವರಿಗೆ ದೂರವೂ ಒಂದು ಖರ್ಚು. 2025ರ ಫೆಬ್ರವರಿಯಲ್ಲಿ ಪರಿಷ್ಕರಣೆಯಾದಾಗ ನಮ್ಮ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಆ ದರದಲ್ಲಿ ನಿತ್ಯ ಹೋಗಿಬರುವ ಕೆಲಸಗಾರನಿಗೆ 26 ದಿನಕ್ಕೆ 4,680 ರೂಪಾಯಿ ಬೇಕು. ಬೆಳಗಾವಿ, ಬಾಗಲಕೋಟೆ ಕಡೆಯಿಂದ ಬಂದು ಪೇಟೆಯ ಅಂಗಡಿಗಳಲ್ಲಿ ಕೆಲಸಕ್ಕೆ ನಿಂತ ಯುವಕರಿಗೆ ಸ್ವಂತ ಮನೆಗಿಂತ ಮೊದಲು ಬೇಕಾಗಿರುವುದು ಹತ್ತಿರದಲ್ಲಿ ಒಂದು ಬಾಡಿಗೆ ಕೋಣೆ. ಆವಾಸ್ 2.0ರಲ್ಲಿ ಕೈಗೆಟುಕುವ ಬಾಡಿಗೆ ಮನೆಗಳಿಗೂ ಅವಕಾಶವಿದೆ. ಹೆಚ್ಚು ಕೆಲಸ ಆಗಬೇಕಾದದ್ದು ಇಲ್ಲಿ.

ಯಾರಿಂದ ಏನಾಗಬೇಕು

ಇಲಾಖೆಯ ವಾದದಲ್ಲೂ ಹುರುಳಿದೆ. ಎದುರಂಗಡಿಯವರು ನಿಯತ್ತಾಗಿ ತೆರಿಗೆ ಕಟ್ಟುವಾಗ ಅಷ್ಟೇ ವಹಿವಾಟಿನ ಇನ್ನೊಬ್ಬರು ಹೊರಗುಳಿದರೆ ಅದು ನ್ಯಾಯವಲ್ಲ. ಆದರೆ ನೋಂದಣಿಯ ತಿಳಿವಳಿಕೆ ಕೊಡುವ ಮೊದಲೇ ನಾಲ್ಕು ವರ್ಷಗಳ ಲೆಕ್ಕ ಕೇಳಿದ್ದರಿಂದ ಜನ ಲೆಕ್ಕಕ್ಕೇ ಹೆದರುವಂತಾಯಿತು. ಹಾಲು, ತರಕಾರಿ, ಹಣ್ಣು ಮಾರುವವರಿಗೂ ನೋಟಿಸ್ ಹೋದದ್ದು ಭಯವನ್ನು ಹೆಚ್ಚಿಸಿತು. ತೆರಿಗೆ ವಿನಾಯಿತಿ ಇರುವ ಸರಕನ್ನಷ್ಟೇ ಮಾರುವವರಿಗೆ ನೋಂದಣಿಯೇ ಬೇಕಿಲ್ಲ ಎಂಬುದನ್ನು ವಾರ್ಡ್ ಮಟ್ಟದಲ್ಲಿ ತಿಳಿಸಬೇಕಿತ್ತು.

ಕೇಂದ್ರ ಸರ್ಕಾರ 45 ಲಕ್ಷದ ಮಿತಿಯನ್ನು ಮಹಾನಗರಗಳಿಗೆ ಪರಿಷ್ಕರಿಸಬೇಕು. ರಾಜ್ಯ ಸರ್ಕಾರ ಕನಿಷ್ಠ ಈ ಮಿತಿಯೊಳಗಿನ ಮನೆಗಳಿಗೆ ಹಳೆಯ ನೋಂದಣಿ ಶುಲ್ಕವನ್ನೇ ಉಳಿಸಬೇಕು. 2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದಿವೆ. ಮಾರುಕಟ್ಟೆ ಮತ್ತು ಮೆಟ್ರೊ ನಿಲ್ದಾಣಗಳ ಹತ್ತಿರದ ಸರ್ಕಾರಿ ಜಾಗದಲ್ಲಿ ಕೆಳಗೆ ಸಣ್ಣ ಮಳಿಗೆ, ಮೇಲೆ ಬಾಡಿಗೆ ಮನೆ ಎಂಬ ಹಳೆಯ ಪೇಟೆಯ ಕ್ರಮವನ್ನೇ ಅವು ಮತ್ತೆ ಯೋಜಿಸಬಹುದು. ಮತ ಕೇಳಲು ಬರುವವರ ಮುಂದೆ ಸಮಾಜದ ಸಂಘಗಳು ಇಡಬೇಕಾದ ಬೇಡಿಕೆ ಇದು.

ಕುಟುಂಬಗಳ ಪಾಲಿನ ಕೆಲಸವೂ ಇದೆ. ಉದ್ಯಮ್ ನೋಂದಣಿ ಉಚಿತ. 2021ರ ಜುಲೈನಿಂದ ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳಿಗೂ ಆದ್ಯತಾ ವಲಯದ ಸಾಲಕ್ಕಾಗಿ ಇದು ತೆರೆದಿದೆ. ಬೀದಿ ಬದಿ ವ್ಯಾಪಾರಿಗಳಿಗೆ ಪಿಎಂ ಸ್ವನಿಧಿ ಸಾಲದ ಕಂತುಗಳು ಈಗ 15,000, 25,000 ಮತ್ತು 50,000 ರೂಪಾಯಿ. 2014ರ ಜನವರಿಯಲ್ಲಿ ಜೈನ ಸಮಾಜಕ್ಕೆ ರಾಷ್ಟ್ರೀಯ ಅಲ್ಪಸಂಖ್ಯಾತ ಮಾನ್ಯತೆ ದೊರೆತಿರುವುದರಿಂದ, ಆದಾಯ ಮಿತಿಯೊಳಗಿನ ಕುಟುಂಬಗಳು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಯೋಜನೆಗಳಿಗೂ ಅರ್ಜಿ ಹಾಕಬಹುದು. ಇವುಗಳಲ್ಲಿ ಯಾವುದಕ್ಕೆ ಹೋದರೂ ಬ್ಯಾಂಕ್ ಖಾತೆಯ ವಿವರ ಮತ್ತು ಆದಾಯದ ದಾಖಲೆ ಬೇಕೇಬೇಕು.

ಸಮಾಜದಲ್ಲಿ ಲೆಕ್ಕಪರಿಶೋಧಕರಿಗೆ ಕೊರತೆಯಿಲ್ಲ. ಪ್ರತಿ ಊರಿನ ಸಂಘ ತಿಂಗಳಿಗೆ ಒಂದು ಭಾನುವಾರ ಬಸದಿಯ ಸಭಾಭವನದಲ್ಲಿ ಅವರನ್ನು ಕೂರಿಸಿ, ಸಣ್ಣ ವ್ಯಾಪಾರಿಗಳ ನೋಂದಣಿ, ರಿಟರ್ನ್ ಮತ್ತು ಮನೆ ಸಾಲದ ಅರ್ಜಿಗೆ ನೆರವಾದರೆ, ನೋಟಿಸ್ ಭಯದಿಂದ ನಗದಿಗೆ ಮರಳಿದವರು ಮತ್ತೆ ಲೆಕ್ಕದೊಳಗೆ ಬರಲು ಧೈರ್ಯ ಸಿಗುತ್ತದೆ. ಎರಡು ಮೂರು ವರ್ಷಗಳ ರಿಟರ್ನ್ ಕೈಯಲ್ಲಿದ್ದರೆ ಮಾತ್ರ ಬ್ಯಾಂಕ್ ಮನೆ ಸಾಲದ ಮಾತಿಗೆ ಕಿವಿಗೊಡುತ್ತದೆ. ಆ ಎಣಿಕೆ ಈ ವರ್ಷವೇ ಶುರುವಾಗಬೇಕು.