ಮೈಗಿರಲಿ ಅಂತರ, ಮನಕ್ಕೆ ಬೇಡ



ಮಾತಿಗೆ ಅರ್ಥವಿರುವಂತೆಯೇ ಒಂದು ಸಂಸ್ಕಾರವೂ ಇರುತ್ತದೆ. 2020ರಲ್ಲಿ ಕೋವಿಡ್ ವ್ಯಾಧಿಯು ನಾಡನ್ನು ಆವರಿಸಿದಾಗ ‘ಸಾಮಾಜಿಕ ಅಂತರ’ ಎಂಬ ಪದವು ಎಲ್ಲರ ಬಾಯಲ್ಲಿಯೂ ಕೇಳಿಬಂದಿತು. ವೈದ್ಯರ ಉದ್ದೇಶ ಹಿತಕರವಾದುದೇ. ಆದರೆ ಹನ್ನೆರಡನೆಯ ಶತಮಾನದ ಶರಣರು ಕಲ್ಯಾಣದಲ್ಲಿ ಯಾವುದನ್ನು ಅಳಿಸಲು ತಮ್ಮ ಬಾಳನ್ನೇ ಪಣಕ್ಕಿಟ್ಟರೋ ಅದರ ಹೆಸರನ್ನೇ ಒಂದು ಆರೋಗ್ಯ ನಿಯಮಕ್ಕೆ ಇಟ್ಟುದು ಉಚಿತವೆನಿಸಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಅದೇ ವರ್ಷ ‘ದೈಹಿಕ ಅಂತರ’ ಎಂಬ ಮಾತೇ ಯುಕ್ತವೆಂದಿತು. ಈ ಎರಡು ಅಂತರಗಳ ಭೇದವನ್ನು ಪ್ರತಿಯೊಂದು ಮನೆಯವರೂ ಅರಿತಿರಬೇಕು.

ಭಾರತದಲ್ಲಿ ಕೋವಿಡ್‌ನಿಂದ ಮೊದಲ ಸಾವು ಸಂಭವಿಸಿದುದು ನಮ್ಮ ಕಲಬುರಗಿಯ ಹಿರಿಯರೊಬ್ಬರದು. ಅದು 2020ರ ಮಾರ್ಚ್ 10ರ ಮಾತು. ಅದೇ ತಿಂಗಳ 25ರಿಂದ ಇಡೀ ದೇಶವೇ ಸ್ತಬ್ಧವಾಯಿತು. ರಾಮಸಮುದ್ರದಂತಹ ಹಳ್ಳಿಗಳನ್ನುಳ್ಳ ಯಾದಗಿರಿ ಜಿಲ್ಲೆಯಿಂದ ಮುಂಬಯಿ, ಪುಣೆಗಳಿಗೆ ಗುಳೆ ಹೋಗಿದ್ದ ಕೂಲಿಕಾರರು ಮೇ ತಿಂಗಳಲ್ಲಿ ತಂಡತಂಡವಾಗಿ ಮರಳಿದರು. ಅವರಲ್ಲಿ ಕೆಲವರಿಗೆ ಸೋಂಕು ತಗುಲಿತ್ತು. ಶಾಲೆ, ವಸತಿ ನಿಲಯಗಳಲ್ಲಿ ಅವರನ್ನು ಕೆಲವು ದಿನ ಪ್ರತ್ಯೇಕವಾಗಿರಿಸಿದುದು ವೈದ್ಯಶಾಸ್ತ್ರಕ್ಕೆ ಸಮ್ಮತವಾದ ಕ್ರಮ. ಆದರೆ ಆ ದಿನಗಳಲ್ಲಿ ನಾಡಿನ ಎಷ್ಟೋ ಊರುಗಳವರು ದಾರಿಗೆ ಮುಳ್ಳುಕಂಟಿ ಹಚ್ಚಿದರು. ಹುಟ್ಟಿದೂರಿಗೆ ಬಂದವರನ್ನು ಅಪರಾಧಿಗಳಂತೆ ಕಂಡರು. ಮೊದಲನೆಯದು ದೇಹದ ಅಂತರ, ಎರಡನೆಯದು ಮನಸ್ಸಿನ ಅಂತರ. ರೋಗವನ್ನು ತಡೆಯುವುದು ಮೊದಲನೆಯದು ಮಾತ್ರ.

ಇದರ ಕಾರಣ ಸರಳವಾಗಿದೆ. ಸೋಂಕಿತನು ಉಸಿರಾಡಿದಾಗ, ಮಾತನಾಡಿದಾಗ, ಕೆಮ್ಮಿದಾಗ ಕಣ್ಣಿಗೆ ಕಾಣದ ಹನಿಗಳು ಹೊರಬೀಳುತ್ತವೆ. ದೊಡ್ಡ ಹನಿಗಳು ಕೆಲವೇ ಅಡಿಗಳಲ್ಲಿ ನೆಲ ಸೇರುತ್ತವೆ; ಸೂಕ್ಷ್ಮವಾದವು ಮುಚ್ಚಿದ ಕೋಣೆಯ ಗಾಳಿಯಲ್ಲಿ ಬಹುಹೊತ್ತು ತೇಲುತ್ತವೆ. ಜ್ವರ ಕಾಣಿಸಿಕೊಳ್ಳುವ ಒಂದೆರಡು ದಿನ ಮೊದಲೇ ವ್ಯಕ್ತಿಯು ಸೋಂಕನ್ನು ಹರಡಬಲ್ಲನು. ಆದುದರಿಂದಲೇ ‘ನನಗೇನೂ ಆಗಿಲ್ಲ’ ಎನ್ನುವವನೂ ಮುಖಗವಸು ಧರಿಸಬೇಕಾಯಿತು. ಅದು ಧರಿಸಿದವನನ್ನು ಸ್ವಲ್ಪಮಟ್ಟಿಗೆ ಕಾಯುತ್ತದೆ, ಎದುರಿನವರನ್ನೂ ಕಾಯುತ್ತದೆ. ತನ್ನ ಉಸಿರಿನಿಂದ ಪರರಿಗೆ ನೋವಾಗದಿರಲೆಂಬ ಎಚ್ಚರವನ್ನು ದಯೆಯೆನ್ನದೆ ಮತ್ತೇನೆನ್ನಬೇಕು? ಬಾಯಿಗೆ ಬಟ್ಟೆ ಕಟ್ಟಿಕೊಳ್ಳುವ ಜೈನ ಮುನಿಗಳ ಆಚಾರದಲ್ಲಿಯೂ ಅನ್ಯ ಜೀವಿಗಳ ಮೇಲಿನ ಕರುಣೆಯೇ ಇದೆ.

ಈ ಉಪಾಯ ಹೊಸದೂ ಅಲ್ಲ. 1910–11ರಲ್ಲಿ ಮಂಚೂರಿಯದಲ್ಲಿ ಪುಪ್ಪುಸದ ಪ್ಲೇಗ್ ಹಬ್ಬಿದಾಗ ವೂ ಲಿಯೆನ್‌ತೆ ಎಂಬ ತರುಣ ವೈದ್ಯರು, ಇದು ಉಸಿರಿನಿಂದ ಹರಡುತ್ತದೆಂದು ಅರಿತು, ಬಟ್ಟೆ–ಹತ್ತಿಯ ಮುಖಗವಸು ಧರಿಸಲು ಎಲ್ಲರಿಗೂ ತಿಳಿಸಿದರು. ಆ ಮಾತನ್ನು ಅಲ್ಲಗಳೆದು ಬರಿಯ ಮುಖದಲ್ಲಿ ರೋಗಿಗಳನ್ನು ನೋಡಲು ಹೋದ ಹಿರಿಯ ಫ್ರೆಂಚ್ ವೈದ್ಯರೊಬ್ಬರು ಕೆಲವೇ ದಿನಗಳಲ್ಲಿ ಅದೇ ರೋಗಕ್ಕೆ ಬಲಿಯಾದರು. ನಮ್ಮ ಹಿರಿಯರೂ ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಅಂತರದ ಬೆಲೆ ಅವರಿಗೆ ಅನುಭವದಿಂದಲೇ ತಿಳಿದಿತ್ತು.

‘ಜಾತ್ರೆ ನಿಂತರೆ ಧರ್ಮ ಉಳಿಯುವುದೆ?’ ಎಂದು ಆಗ ಕೇಳಿದವರುಂಟು. 2020ರ ಏಪ್ರಿಲ್‌ನಲ್ಲಿ ಚಿತ್ತಾಪುರ ತಾಲೂಕಿನ ರಾವೂರಿನಲ್ಲಿ ನಿಷೇಧವಿದ್ದರೂ ಜನರು ಕೂಡಿ ತೇರನ್ನೆಳೆದರು. ಅವರ ಭಕ್ತಿಯನ್ನು ಶಂಕಿಸಬೇಕಾಗಿಲ್ಲ; ತಿಳಿವು ಮಾತ್ರ ಸಾಲದಾಯಿತು. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವವರಿಗೆ ಗುಡಿಯ ಬಾಗಿಲು ಮುಚ್ಚಿದರೆ ಪೂಜೆ ನಿಲ್ಲುವುದಿಲ್ಲ. 2020ರ ಏಪ್ರಿಲ್ 26ರ ಹಾಗೂ 2021ರ ಮೇ 14ರ ಬಸವ ಜಯಂತಿಗಳನ್ನು ಭಕ್ತರು ಮೆರವಣಿಗೆಯಿಲ್ಲದೆ ಮನೆಯಲ್ಲಿಯೇ ಆಚರಿಸಿದರು. ಅದರಿಂದ ಬಸವಣ್ಣನವರ ಹಿರಿಮೆ ಕುಂದಲಿಲ್ಲ.

2023ರ ಮೇ 5ರಂದು ಕೋವಿಡ್‌ನ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಘೋಷಣೆಯಾಯಿತು. ಅಷ್ಟರಲ್ಲಿ ಸರಕಾರದ ಲೆಕ್ಕದಂತೆಯೇ ಭಾರತದಲ್ಲಿ 5 ಲಕ್ಷಕ್ಕೂ ಹೆಚ್ಚು, ಕರ್ನಾಟಕದಲ್ಲಿ 40 ಸಾವಿರಕ್ಕೂ ಹೆಚ್ಚು ಜನರು ಅಸುನೀಗಿದ್ದರು. ಇಷ್ಟು ಬೆಲೆ ತೆತ್ತು ಕಲಿತ ಪಾಠವನ್ನು ಮರೆಯಲಾಗದು. ಕ್ಷಯರೋಗವು ಇಂದಿಗೂ ಉಸಿರಿನ ಮೂಲಕವೇ ಹರಡುತ್ತಿದೆ. ಚಳಿಗಾಲದ ಜ್ವರ–ಕೆಮ್ಮುಗಳೂ ಹಾಗೆಯೇ. ಆದುದರಿಂದ ಕೆಮ್ಮು ಇರುವವರು ದಾಸೋಹದ ಪಂಕ್ತಿಗೆ, ಮದುವೆಯ ಮಂಟಪಕ್ಕೆ ಹೋಗದಿರುವುದು ಲೇಸು. ಹೋಗಲೇಬೇಕಾದರೆ ಮುಖಗವಸು ಇರಲಿ. ಹೆಗಲ ವಲ್ಲಿ ಅಥವಾ ಸೆರಗನ್ನು ಒಂದು ಪದರ ಅಡ್ಡ ಹಿಡಿದರೆ ಸಾಲದು. ಮೂರು ಪದರದ ಗವಸು ಮೂಗು, ಬಾಯಿ, ಗದ್ದಗಳನ್ನು ಬಿಗಿಯಾಗಿ ಮುಚ್ಚಬೇಕು. ಗದ್ದದ ಕೆಳಗೆ ಇಳಿಸಿದ ಗವಸಿನಿಂದ ಪ್ರಯೋಜನವಿಲ್ಲ. ಮನೆಯ ಕಿಟಕಿಗಳು ತೆರೆದಿರಲಿ. ಎರಡು ವಾರ ಮೀರಿದ ಕೆಮ್ಮಿಗೆ ಸರಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆಯಾಗಲಿ. ಕ್ಷಯಕ್ಕೆ ಅಲ್ಲಿ ಔಷಧಿಯೂ ಉಚಿತ.

ಇಷ್ಟನ್ನೆಲ್ಲ ಪಾಲಿಸುವಾಗ ಒಂದು ಮಾತು ನೆನಪಿರಲಿ. ರೋಗಿಯನ್ನು ಬೇರೆ ಕೋಣೆಯಲ್ಲಿರಿಸಿದರೂ ಅವನ ಊಟದ ತಾಟು ಹೊತ್ತಿಗೆ ಸರಿಯಾಗಿ ಬಾಗಿಲಿಗೆ ತಲುಪಬೇಕು. ಹೊರಗೆ ನಿಂತು ‘ಹೇಗಿದ್ದೀಯಪ್ಪಾ?’ ಎಂದು ಕೇಳುವ ದನಿ ಅವನಿಗೆ ಕೇಳಿಸಬೇಕು. ಗುಣವಾದ ಮೇಲೆ ಅವನನ್ನು ಪಕ್ಕದಲ್ಲಿ ಕೂಡ್ರಿಸಿಕೊಂಡು ಉಣ್ಣಬೇಕು. ಗುಣವಾದವನನ್ನೂ ದೂರವಿಡುವ ಮನೆಯಲ್ಲಿ ರೋಗವು ಹೋದರೂ ಹಳೆಯ ಅಸ್ಪೃಶ್ಯತೆಯು ಹೊಸ ಹೆಸರಿನಿಂದ ಉಳಿದುಕೊಳ್ಳುತ್ತದೆ. ಅದು ನಮ್ಮ ಯಾವ ಮನೆಗೂ ಬಾರದಿರಲಿ.