ಚಿಮಣಿ ಆರಿದರೆ ಶಾಲೆಗೆ ಯಾರು ದಿಕ್ಕು?

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಗಳನ್ನು ಒಟ್ಟಿಗೆ ಹಿಡಿದಿಟ್ಟಿರುವುದು ನೆಲದಡಿಯ ಸುಣ್ಣಕಲ್ಲು. ನಾಡಿನ ಎಷ್ಟೋ ಮನೆಗಳ ಹಜಾರಕ್ಕೆ ಶಹಾಬಾದ್ ಕಲ್ಲು ಹಾಸಿದ್ದು ಇದೇ ನೆಲ. ವಾಡಿ, ಮಳಖೇಡ, ಸೇಡಂ, ಇಟಗಾ, ಛತ್ರಸಾಲಗಳ ಸಿಮೆಂಟ್ ಕಾರ್ಖಾನೆಗಳಿಗೆ ಕಚ್ಚಾವಸ್ತು ಒದಗಿಸುತ್ತಿರುವುದೂ ಇದೇ ನೆಲ. ಆದರೆ ಸೇಡಂ, ಚಿತ್ತಾಪುರ, ಚಿಂಚೋಳಿ ಈ ಮೂರೂ ತಾಲ್ಲೂಕುಗಳನ್ನು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವುಗಳ ಪಟ್ಟಿಗೆ ಸೇರಿಸಿತು. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆ ಶೇ 42.43 ಫಲಿತಾಂಶದೊಡನೆ ರಾಜ್ಯದಲ್ಲೇ ಕೊನೆಯ ಸ್ಥಾನದಲ್ಲಿತ್ತು. ‘ಕವಿರಾಜಮಾರ್ಗ’ ಹುಟ್ಟಿದ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ಇರುವ ಜಿಲ್ಲೆಯ ಸ್ಥಿತಿ ಇದು.

ಸರ್ಕಾರಿ ಶಾಲೆಯ ಶಿಕ್ಷಕರ ಸಂಬಳ ರಾಜ್ಯದ ಬೊಕ್ಕಸದಿಂದ ಬರುತ್ತದೆ, ಹೀಗಿರುವಾಗ ಪಂಚಾಯಿತಿಯ ತೆರಿಗೆಗೂ ಶಾಲೆಗೂ ಏನು ನಂಟು ಎಂದು ಕೇಳುವವರಿದ್ದಾರೆ. ನಂಟು ಸಂಬಳದ್ದಲ್ಲ, ನಿತ್ಯದ ನಿರ್ವಹಣೆಯದು. ಸಮಗ್ರ ಶಿಕ್ಷಾ ಯೋಜನೆಯ ಚೌಕಟ್ಟಿನಂತೆ ನೂರರೊಳಗಿನ ಮಕ್ಕಳಿರುವ ಶಾಲೆಗೆ ವರ್ಷಕ್ಕೆ ದೊರೆಯುವ ಸಂಯುಕ್ತ ಅನುದಾನ ಹೆಚ್ಚೆಂದರೆ 25 ಸಾವಿರ ರೂಪಾಯಿ. ಸೋರುವ ಮಾಳಿಗೆ, ಕೆಟ್ಟ ಕೊಳವೆಬಾವಿ, ಬಾಗಿಲಿಲ್ಲದ ಶೌಚಾಲಯ, ಕುಸಿದ ಆವರಣ ಗೋಡೆ ಇವೆಲ್ಲ ಆ ಹಣದಲ್ಲಿ ಮುಗಿಯುವ ಕೆಲಸಗಳಲ್ಲ. ಆಗ ಮುಖ್ಯೋಪಾಧ್ಯಾಯರು ಹೋಗಿ ನಿಲ್ಲುವುದು ಗ್ರಾಮ ಪಂಚಾಯಿತಿಯ ಮುಂದೆ. ಪಂಚಾಯಿತಿಗೆ ತನ್ನದೇ ಎನ್ನಬಹುದಾದ ವರಮಾನವೆಂದರೆ 1993ರ ಪಂಚಾಯತ್ ರಾಜ್ ಅಧಿನಿಯಮದ 199ನೇ ಪ್ರಕರಣದಡಿ ವಿಧಿಸುವ ಕಟ್ಟಡ ಮತ್ತು ಜಮೀನಿನ ತೆರಿಗೆ. ಆ ರಸೀದಿಯಲ್ಲಿ ಶಿಕ್ಷಣ ಉಪಕರವೆಂಬ ಕಲಮೂ ಉಂಟು!

ಈ ವರಮಾನ ಎಷ್ಟು ಅಸಮವೆಂಬುದನ್ನು ಹೇಳಬೇಕಾಗಿಲ್ಲ. ಕಾರ್ಖಾನೆ ತನ್ನ ಸೀಮೆಯೊಳಗಿದ್ದರೆ ಪಂಚಾಯಿತಿಗೆ ತೆರಿಗೆ ಕೇಳುವ ಹಕ್ಕುಂಟು. ಪಕ್ಕದ ಊರಿನವರು ಅದೇ ದೂಳು ಕುಡಿದರೂ, ಅದೇ ಲಾರಿಗಳಿಗೆ ದಾರಿ ಬಿಟ್ಟರೂ ಆ ಹಕ್ಕಿಲ್ಲ. ಇನ್ನು ಕಾರ್ಖಾನೆಯೇ ನಿಂತುಹೋದರೆ? ಇದು ಊಹೆಯ ಪ್ರಶ್ನೆಯಲ್ಲ. ನಿಜಾಮರ ಕಾಲದ ಶಹಾಬಾದ್ ಸಿಮೆಂಟ್ ಕಾರ್ಖಾನೆ ಇಂದು ಇತಿಹಾಸ. ಸೇಡಂ ತಾಲ್ಲೂಕಿನ ಕುರಕುಂಟಾದಲ್ಲಿದ್ದ ಕೇಂದ್ರ ಸರ್ಕಾರಿ ಸ್ವಾಮ್ಯದ ಸಿಮೆಂಟ್ ಕಾರ್ಪೊರೇಷನ್ ಘಟಕ 1998ರಲ್ಲಿ ಉತ್ಪಾದನೆ ನಿಲ್ಲಿಸಿತು. ಮುಚ್ಚಿದ ಕಾರ್ಖಾನೆಯ ಕಟ್ಟಡ ಕಾಗದದಲ್ಲಿ ತೆರಿಗೆಗೆ ಅರ್ಹವಾಗಿಯೇ ಉಳಿಯಬಹುದು, ಆದರೆ ಬಾಕಿಯ ಪಟ್ಟಿಯಿಂದ ಶಾಲೆಯ ಮಾಳಿಗೆ ದುರಸ್ತಿಯಾಗುವುದಿಲ್ಲ. ದುಡಿಮೆ ಕಳೆದುಕೊಂಡ ಕುಟುಂಬಗಳು ಖಾಸಗಿ ಶಾಲೆಯಿಂದ ಮಕ್ಕಳನ್ನು ಬಿಡಿಸಿ ಸರ್ಕಾರಿ ಶಾಲೆಗೆ ತರುವುದೂ ಇಂಥ ಹೊತ್ತಿನಲ್ಲೇ. ಆದಾಯ ಇಳಿಯುವಾಗಲೇ ಹೊರೆ ಏರುತ್ತದೆ.

2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ತಂದು ಜಿಲ್ಲಾ ಖನಿಜ ಪ್ರತಿಷ್ಠಾನಗಳನ್ನು ಸ್ಥಾಪಿಸಿದ್ದು ಸರಿಯಾದ ಹೆಜ್ಜೆ. 2014ರಲ್ಲಿ ನಿಗದಿಯಾದ ದರದಂತೆ ಸಿಮೆಂಟಿಗೆ ಬಳಸುವ ಸಾಮಾನ್ಯ ಸುಣ್ಣಕಲ್ಲಿನ ರಾಜಧನ ಟನ್ನಿಗೆ 80 ರೂಪಾಯಿ. ಹಳೆಯ ಗುತ್ತಿಗೆಗಳಲ್ಲಿ ಅದರ ಶೇ 30ರಷ್ಟು, ಅಂದರೆ ಟನ್ನಿಗೆ 24 ರೂಪಾಯಿ ಪ್ರತಿಷ್ಠಾನಕ್ಕೆ ಸಲ್ಲಬೇಕು. ಹತ್ತು ಲಕ್ಷ ಟನ್ ಕಲ್ಲು ತೆಗೆದರೆ 2.40 ಕೋಟಿ ರೂಪಾಯಿ. ಶಿಕ್ಷಣ ಈ ನಿಧಿಯ ಆದ್ಯತೆಯ ವಲಯಗಳಲ್ಲೊಂದು. ಆದರೆ ಹರಾಜಿನ ಹೊಸ ಗುತ್ತಿಗೆಗಳಲ್ಲಿ ಈ ಪಾಲು ಶೇ 10ಕ್ಕೆ ಇಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಲ್ಲು ಹೊರಡುವವರೆಗೆ ಮಾತ್ರ ಹಣ. ಗಣಿ ನಿಂತ ದಿನ ಈ ಹರಿವೂ ಬತ್ತುತ್ತದೆ. ಸಾಮಾಜಿಕ ಹೊಣೆಗಾರಿಕೆಯ ಹೆಸರಿನಲ್ಲಿ ಕಂಪನಿಗಳು ಕೊಡುವ ಬೆಂಚು, ಬ್ಯಾಗುಗಳ ಮಾತೂ ಅಷ್ಟೇ. ದಾನ ಬೇರೆ, ಬಾಧ್ಯತೆ ಬೇರೆ.

ಅಮೆರಿಕದಲ್ಲಿ ಶಾಲೆಗಳು ಬಹುಮಟ್ಟಿಗೆ ಸ್ಥಳೀಯ ಆಸ್ತಿ ತೆರಿಗೆಯನ್ನೇ ಅವಲಂಬಿಸಿವೆ. ಹಾಗಾಗಿ ವಿದ್ಯುತ್ ಸ್ಥಾವರವೊಂದು ಮುಚ್ಚಿದಾಗ ನ್ಯೂಯಾರ್ಕ್ ರಾಜ್ಯವು ತೆರಿಗೆ ಕಳೆದುಕೊಂಡ ಊರು ಮತ್ತು ಶಾಲಾ ಆಡಳಿತಗಳಿಗೆ ಮೊದಲ ವರ್ಷ ನಷ್ಟದ ಶೇ 80ರವರೆಗೆ, ಬಳಿಕ ವರ್ಷವರ್ಷಕ್ಕೂ ಇಳಿಸುತ್ತಾ ನೆರವು ನೀಡುವ ಕ್ರಮವನ್ನು ರೂಪಿಸಿಕೊಂಡಿದೆ. ನಮ್ಮಲ್ಲಿ 15ನೇ ಹಣಕಾಸು ಆಯೋಗ ಪಂಚಾಯಿತಿ ಅನುದಾನದ ಹಂಚಿಕೆಗೆ ಹಿಡಿದ ಅಳತೆ ಜನಸಂಖ್ಯೆ ಮತ್ತು ವಿಸ್ತೀರ್ಣ. ಒಂದೇ ವರ್ಷದಲ್ಲಿ ಮುಖ್ಯ ತೆರಿಗೆದಾರನನ್ನು ಕಳೆದುಕೊಂಡ ಊರಿನ ಸಂಕಟ ಆ ಅಳತೆಗೆ ಸಿಗುವುದಿಲ್ಲ. ಅದನ್ನು ತುಂಬಬೇಕಾದದ್ದು ರಾಜ್ಯ ಸರ್ಕಾರ.

ಹಣವೆಲ್ಲಿದೆ ಎಂಬ ಮಾಮೂಲಿ ಆಕ್ಷೇಪಕ್ಕೆ ಸುಪ್ರೀಂ ಕೋರ್ಟ್ ಉತ್ತರದ ದಾರಿ ತೆರೆದಿದೆ. ತಮಿಳುನಾಡಿನ ಪಂಚಾಯಿತಿ ಕಾಯ್ದೆಯಡಿ ಸುಣ್ಣಕಲ್ಲಿನ ರಾಜಧನದ ಮೇಲೆ ವಿಧಿಸಿದ್ದ ಉಪಕರವನ್ನು 1989ರಲ್ಲಿ, ಇಂಡಿಯಾ ಸಿಮೆಂಟ್ ಪ್ರಕರಣದಲ್ಲಿ, ನ್ಯಾಯಾಲಯ ರದ್ದುಗೊಳಿಸಿತ್ತು. ರಾಜಧನವೂ ತೆರಿಗೆಯೇ ಎಂಬ ಅಂದಿನ ನಿಲುವನ್ನು 2024ರ ಜುಲೈ 25ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ತಳ್ಳಿಹಾಕಿ, ಖನಿಜಯುಕ್ತ ಭೂಮಿಗೆ ತೆರಿಗೆ ಹಾಕುವ ರಾಜ್ಯಗಳ ಅಧಿಕಾರವನ್ನು ಎತ್ತಿಹಿಡಿಯಿತು. ಅದೇ ಡಿಸೆಂಬರಿನಲ್ಲಿ ಕರ್ನಾಟಕದ ವಿಧಾನಮಂಡಲವೂ ಇಂಥ ತೆರಿಗೆಯ ಮಸೂದೆಯನ್ನು ಅಂಗೀಕರಿಸಿತು.

ಈ ತೆರಿಗೆಯ ಹಣ ಬೆಂಗಳೂರಿನ ಬೊಕ್ಕಸದಲ್ಲಿ ಕರಗಿಹೋಗಬಾರದು. ಅದರಲ್ಲೊಂದು ಪಾಲನ್ನು ಗಣಿ ತಾಲ್ಲೂಕುಗಳ ಶಾಲೆಗಳಿಗೆಂದು ಕಾನೂನಿನಲ್ಲೇ ಮೀಸಲಿಡಬೇಕು. ಕಾರ್ಖಾನೆ ಇರುವ ಪಂಚಾಯಿತಿಗಷ್ಟೇ ಅಲ್ಲ, ದೂಳು ಬೀಳುವ ಊರುಗಳಿಗೂ ಅದು ತಲುಪಬೇಕು. ಗಣಿ ಅಥವಾ ಕಾರ್ಖಾನೆ ಮುಚ್ಚಿದಲ್ಲಿ ಕನಿಷ್ಠ ಐದು ವರ್ಷ, ಕ್ರಮೇಣ ಇಳಿಯುವ ಪರಿಹಾರ ಅನುದಾನ ಸಿಗುವಂತೆ ರಾಜ್ಯ ಹಣಕಾಸು ಆಯೋಗ ಶಿಫಾರಸು ಮಾಡಬೇಕು. ಇದರ ಲೆಕ್ಕವನ್ನು ಕುರಕುಂಟಾ ಮತ್ತು ಶಹಾಬಾದಿನಿಂದ ಆರಂಭಿಸುವುದು ಉಚಿತ. ಪ್ರತಿಷ್ಠಾನಗಳು ಹುಟ್ಟುವ ಎಷ್ಟೋ ವರ್ಷ ಮೊದಲೇ ಕಾರ್ಖಾನೆ ಕಳೆದುಕೊಂಡ ಈ ಊರುಗಳಿಗೆ ಆಗ ಅಂಥ ನಿಧಿಯೊಂದು ಇರಲೇ ಇಲ್ಲ.