ನೋಡಿ ಮುಗಿಸುವ ಯಾತ್ರೆ

ಮೈಸೂರು ಸೀಮೆಯವರಿಗೆ ಮೋಟಾರ್ ಸೈಕಲ್ಲು ಪರದೇಶದ ವಸ್ತುವಲ್ಲ. 1961ರಿಂದ ಜಾವಾ, ಅನಂತರ ಯೆಜ್ಡಿ ಎಂಬ ಹೆಸರಿನ ವಾಹನಗಳು ಮೈಸೂರು ನಗರದಲ್ಲಿಯೇ ತಯಾರಾದುವು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತಾದರೂ ಅವುಗಳ ಸದ್ದು ಹಳ್ಳಿಯ ಹಿರಿಯರ ಕಿವಿಯಿಂದ ಇನ್ನೂ ಮರೆಯಾಗಿಲ್ಲ. ಉಪಾಧ್ಯಾಯರೂ ಹೊಗೆಸೊಪ್ಪಿನ ಬೆಳೆಗಾರರೂ ಅವನ್ನೇರಿ ಸಂತೆ ಜಾತ್ರೆಗಳಿಗೆ ಹೋಗಿಬಂದರು. ಇಂದು ಅವರ ಮಕ್ಕಳು ಮೊಮ್ಮಕ್ಕಳು ರಜೆಯಲ್ಲಿ ಗುಂಪುಗೂಡಿ, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಗಳ ದೇಗುಲಗಳನ್ನೆಲ್ಲ ಎರಡೇ ದಿನಗಳಲ್ಲಿ ನೋಡಿ ಮುಗಿಸಲು ಹೊರಡುತ್ತಾರೆ.

ಇದನ್ನು ಕಂಡು ಮೂಗು ಮುರಿಯುವವರುಂಟು. ಕಾಲ್ನಡಿಗೆಯ ಪುಣ್ಯ ಪೆಟ್ರೋಲಿನಿಂದ ಬಾರದೆಂಬುದು ಅವರ ವಾದ. ಆ ವಾದ ನಿಲ್ಲತಕ್ಕುದಲ್ಲ. ಸಂಕ್ರಾಂತಿಯ ದನಗಳ ಜಾತ್ರೆಗೆಂದು ಗಾಡಿ ಕಟ್ಟಿಕೊಂಡು ಚುಂಚನಕಟ್ಟೆಗೆ ಹೋದ ತಾತಂದಿರೂ ನಡೆದು ಹೋದವರಲ್ಲ. ಬಸ್ಸು ತಿರುಗಿ ನೋಡದ ಊರಿನ ಗುಡಿಗೂ ಗದ್ದಿಗೆಗೂ ಇಬ್ಬರನ್ನು ಹೊತ್ತೊಯ್ಯುವ ವಾಹನವನ್ನು ಹಳಿಯುವುದು ಸಲ್ಲದು. ದೋಷವಿರುವುದು ವಾಹನದಲ್ಲಲ್ಲ, ‘ನೋಡಿ ಮುಗಿಸುವುದು’ ಎಂಬ ಮಾತಿನಲ್ಲಿ. ಕನ್ನಡದಲ್ಲಿ ದೇವರೆದುರು ಕೈ ಮುಗಿಯುತ್ತದೆ. ದೇವರನ್ನೇ ಮುಗಿಸುವ ಪ್ರಯೋಗ ಹಿಂದಿನವರಿಗೆ ತಿಳಿದಿರಲಿಲ್ಲ.

ಚುಂಚನಕಟ್ಟೆಯನ್ನೇ ನೋಡಬಹುದು. ಕಾವೇರಿ ಅಲ್ಲಿ ಸುಮಾರು 60 ಅಡಿ ಕೆಳಗೆ ಧುಮುಕುತ್ತಾಳೆ. ದಡದ ಕೋದಂಡರಾಮನ ಗುಡಿಯಲ್ಲಿ ಸೀತೆ ನಿಂತಿರುವುದು ರಾಮನ ಬಲಕ್ಕೆ, ವಾಡಿಕೆಯಂತೆ ಎಡಕ್ಕಲ್ಲ. ಹೊರಗೆ ಮೊರೆಯುವ ಜಲಪಾತದ ಸದ್ದು ಗರ್ಭಗುಡಿಯೊಳಗೆ ಕೇಳಿಸದೆಂದು ಆ ಊರಿನವರು ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ. ದಿಟವೋ ಅಲ್ಲವೋ ಪರೀಕ್ಷಿಸಬೇಕಾದರೆ ಒಳಗೆ ಕೆಲಹೊತ್ತು ಬಾಯಿ ಮುಚ್ಚಿ ನಿಲ್ಲಬೇಕು. ಇಂಜಿನ್ನನ್ನು ಆರಿಸದೆಯೇ ಸಂಗಡಿಗರನ್ನು ಕೂಗಿ ಕರೆಯುವವನಿಗೆ ಜಲಪಾತವೂ ಕೇಳಿಸದು, ಮೌನವೂ ಕೇಳಿಸದು. ಬಲಗಡೆಯ ಸೀತೆಯಂತೂ ಅವನ ಚಿತ್ರದಲ್ಲಿ ಮಾತ್ರ ಉಳಿಯುತ್ತಾಳೆ.

ಅದೇ ಕಾವೇರಿಯ ಕೆಳಹರಿವಿನಲ್ಲಿ ಹಳೆಯ ಎಡತೊರೆಯಿದೆ. ಪ್ರವಾಹದ ಕಾಟಕ್ಕೆ ಸಿಕ್ಕ ಆ ಊರಿಗೆ ಬದಲಾಗಿ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಹೊಸ ಪಟ್ಟಣ ಕಟ್ಟಲ್ಪಟ್ಟಿತು. ಅರ್ಕೇಶ್ವರನು ಮಾತ್ರ ನದಿಯ ಬಳಿಯಲ್ಲಿಯೇ ಉಳಿದನು. ಅರ್ಕನೆಂದರೆ ಸೂರ್ಯ. ಆ ಹೆಸರಿನ ಅರ್ಥವನ್ನಾದರೂ ತಿಳಿದು ಒಳಹೋಗುವವರು ಎಷ್ಟು ಮಂದಿ?

ಪಿರಿಯಾಪಟ್ಟಣ ಸೀಮೆಯ ಬೆಟ್ಟದಪುರದಲ್ಲಿ ಅವಸರಕ್ಕೆ ತಾನಾಗಿಯೇ ತಡೆ ಬೀಳುತ್ತದೆ. ಸಮುದ್ರಮಟ್ಟದಿಂದ 4,300 ಅಡಿಗೂ ಮಿಗಿಲಾದ ಆ ಬೆಟ್ಟದ ಮೆಟ್ಟಿಲ ಬುಡದಲ್ಲಿ ವಾಹನವನ್ನು ಬಿಟ್ಟು ಹತ್ತತೊಡಗಿದರೆ, ಬೈಲಕುಪ್ಪೆಯ ಟಿಬೆಟಿಯನ್ನರ ವಿಹಾರದಲ್ಲಿ ಅರ್ಧ ದಿನ ಮೌನವಾಗಿ ಕುಳಿತುಬಂದ ತರುಣನಿಗೂ ಏದುಸಿರು ಬರುತ್ತದೆ. (ಪರರ ಗುಡಿಯಲ್ಲಿ ತೋರುವ ಆ ಮರ್ಯಾದೆ ಸ್ವಂತ ಗುಡಿಯಲ್ಲಿ ಏಕೆ ಕಾಣದೋ!) ಮೇಲಿರುವವನು ಸಿಡಿಲು ಮಲ್ಲಿಕಾರ್ಜುನ; ಅನ್ನದಾನಿ ಮಲ್ಲಿಕಾರ್ಜುನನೆಂದು ಚೆಂಗಾಳ್ವ ಅರಸರ ಕುಲದೈವ. ಆದಿಯಲ್ಲಿ ಜೈನರಾಗಿದ್ದು ಬಳಿಕ ಶೈವರಾದ ಆ ಅರಸರು 1640ರ ದಶಕದಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರ ಕಾಲಕ್ಕೆ ಪಿರಿಯಾಪಟ್ಟಣವನ್ನು ಕಳೆದುಕೊಂಡರು. ಇಷ್ಟನ್ನು ಅರಿತು ಶಿಖರದಿಂದ ಕೆಳಗಿನ ಬಯಲನ್ನು ನೋಡುವುದಕ್ಕೂ ಅರಿಯದೆ ನೋಡುವುದಕ್ಕೂ ಅಂತರ ಬಹಳ.

ಹೆಗ್ಗಡದೇವನಕೋಟೆಯ ಕಡೆ ದಾರಿಯೇ ಕೆಲವೆಡೆ ನೀರಿನಲ್ಲಿ ಕೊನೆಗೊಳ್ಳುತ್ತದೆ. ಪುನ್ನಾಟ ಅರಸರ ಕೀರ್ತಿಪುರವೆಂದು ವಿದ್ವಾಂಸರು ಗುರುತಿಸಿರುವ ಕಿತ್ತೂರು ಇದ್ದುದು ಕಪಿಲೆಯ ದಂಡೆಯಲ್ಲಿ. 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯವು ಆ ನೆಲವನ್ನು ಆವರಿಸಿತು. ಹಿನ್ನೀರಿನ ಬದಿಯ ಭೀಮನಕೊಲ್ಲಿಯಲ್ಲಿ ಮಹದೇಶ್ವರನಿಗೆ ಕೈಮುಗಿದು ಹೊರಬಂದವನ ಕಣ್ಣಿಗೆ ಬೀಳುವುದು ಬರಿಯ ನೀರಲ್ಲ, ಒಂದು ನಾಡಿನ ಪೂರ್ವಕಥೆಯನ್ನು ಮುಚ್ಚಿಕೊಂಡಿರುವ ನೀರು. ಅದನ್ನು ಹೇಳಿಕೊಡುವವರಿಲ್ಲದಿದ್ದರೆ ಅದು ಆನೆ ಕಾಣಸಿಗುವ ಕೆರೆಯಷ್ಟೆ.

ಹೇಳಿಕೊಡತಕ್ಕವರು ಯಾರು? ಬಿ. ಎಲ್. ರೈಸ್ ಅವರು 1898ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಎಡತೊರೆ, ಹುಣಸೂರು, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಶಾಸನಗಳು ಅಚ್ಚಾಗಿವೆ. ಸಂಪುಟ ಗ್ರಂಥಾಲಯದಲ್ಲಿದೆ, ಕಲ್ಲು ಗುಡಿಯಂಗಳದಲ್ಲಿದೆ, ನಡುವೆ ಓದುವವನಿಲ್ಲ. ಜೀರ್ಣೋದ್ಧಾರವೆಂಬ ಹೆಸರಿನಲ್ಲಿ ಅಕ್ಷರಗಳ ಮೇಲೆ ಬಣ್ಣ ಬಳಿಯುವುದು, ಶಾಸನದ ಕಲ್ಲಿಗೇ ವಾಹನವನ್ನು ಒರಗಿಸುವುದು ನಡೆದೇ ಇವೆ. ದಾನಿಗಳು ಹೊಸ ಗೋಪುರಕ್ಕೆ ಕೊಡುವ ಹಣದಲ್ಲಿ ಸ್ವಲ್ಪವನ್ನು ಇಂಥ ಕಲ್ಲಿನ ಬಳಿ ಅದರ ಪಾಠವನ್ನೂ ಸರಳ ಅರ್ಥವನ್ನೂ ಬರೆಯಿಸಿದ ಫಲಕ ನಿಲ್ಲಿಸಲು ಕೊಟ್ಟರೆ, ಅವರ ಹೆಸರೂ ಅದರಲ್ಲಿ ಕೆತ್ತಿಸಬಹುದು. ಅದಕ್ಕೆ ಯಾರೂ ಅಡ್ಡಿ ಹೇಳಲಾರರು.

ಉಪಾಧ್ಯಾಯರ ಪಾಲಿನದು ಇನ್ನೂ ಸುಲಭ. ಹಳೆಯ ವಿದ್ಯಾರ್ಥಿಗಳ ತಂಡ ಹೊರಡುವಾಗ ಜೊತೆಗೊಬ್ಬ ಕನ್ನಡ ಪಂಡಿತರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುವ ಏರ್ಪಾಡಾಗಲಿ. ಪಂಡಿತರಿಗೂ ಶಿರಸ್ತ್ರಾಣ ಕಡ್ಡಾಯವೇ, ಪೇಟ ಕೈಚೀಲದಲ್ಲಿರಲಿ. ದಿನವೊಂದಕ್ಕೆ ಒಂದೇ ಕ್ಷೇತ್ರ. ಮೊದಲಿಗೆ ಶಿವರಾತ್ರಿಯ ಕಾಲದಲ್ಲಿ ಜಾತ್ರೆ ನೆರೆಯುವ ಕಪ್ಪಡಿಯನ್ನು ಆರಿಸಿಕೊಳ್ಳಬಹುದು. ಕಾವೇರಿಯ ದಡದಲ್ಲಿ ರಾಚಪ್ಪಾಜಿಯ ಗದ್ದಿಗೆಯಿರುವ ಆ ಸ್ಥಳಕ್ಕೆ ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರು ಬರುತ್ತಾರೆ. ಅವರ ಹಾಡು ರಾತ್ರಿಯೆಲ್ಲ ನಡೆಯತಕ್ಕದ್ದು. ಹೊದಿಕೆಯೊಂದನ್ನು ವಾಹನಕ್ಕೆ ಕಟ್ಟಿಕೊಂಡು ಹೋಗುವುದು ಲೇಸು.